ನ್ಯಾಯದ ಬೆಲೆ: ಶಾಲೆ ಏನು ಮಾಡಬಹುದು?

ನ್ಯಾಯದ ವ್ಯಾಪಾರ ಎಂದರೆ ದೂರದ ದೇಶದ ಕಾಫಿ ಡಬ್ಬಿಯ ಮೇಲಿನ ಮುದ್ರೆಯಷ್ಟೇ ಅಲ್ಲ; ಪಿರಿಯಾಪಟ್ಟಣ, ಹುಣಸೂರಿನ ಮಕ್ಕಳಿಗೆ ಅದು ಮನೆಯ ಮಾತು. ಅವರ ಊರುಗಳಲ್ಲಿ ಬೆಳೆಯುವಂಥ ವರ್ಜೀನಿಯಾ ಹೊಗೆಸೊಪ್ಪು ಕರ್ನಾಟಕದಲ್ಲಿ 1984ರಿಂದ ತಂಬಾಕು ಮಂಡಳಿಯ ಹರಾಜಿಗೆ ಬರುತ್ತಿದೆ. ತೂಕ, ಬೆಲೆ ಎರಡೂ ಎಲ್ಲರೆದುರು ಗೊತ್ತಾಗುವುದು ಸಣ್ಣ ಸಾಧನೆಯಲ್ಲ. ಆದರೆ ಬೆಲೆ ಕಂಡ ಮಾತ್ರಕ್ಕೆ ನ್ಯಾಯ ಸಿಕ್ಕಿತೆನ್ನಲಾಗದು. ಎಲೆ ಹದಮಾಡುವ ಬ್ಯಾರನ್‌ಗೆ ಸುಟ್ಟ ಸೌದೆ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಕಳೆದರೆ ಕೆಜಿಗೆ ಉಳಿದದ್ದೆಷ್ಟು? ಏಳನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ. ಶಾಲೆಯಲ್ಲಿ ತಂಬಾಕಿನ ಮಾತೇ ಎಂದು ಕೆಲವರು ಕೇಳಬಹುದು. ಆತಂಕ ಸರಿಯೇ. ಆದರೆ ಸೇದುವುದರ ಕೇಡನ್ನು ಹೇಳುವ ಪಾಠ, ರೈತ ಆ ಬೆಳೆಯನ್ನು ಸುಲಭವಾಗಿ ಯಾಕೆ ಬಿಡಲಾರ ಎಂಬುದನ್ನೂ ಹೇಳಬೇಕು. ಬೇರೆ ಬೆಳೆಗೆ ಖಾತ್ರಿ ಬೆಲೆಯಿಲ್ಲದೆ ಹೊಗೆಸೊಪ್ಪು ಬಿಡಿ ಎನ್ನುವುದು ಅರ್ಧ ಮಾತು.

ಶಾಲೆ ಕಲಿಸುವ ಜಾಗ ಮಾತ್ರವಲ್ಲ, ಕೊಳ್ಳುವ ಜಾಗವೂ ಹೌದು. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹದ ಅಕ್ಕಿ ಸರ್ಕಾರದಿಂದ ಬಂದರೂ, ತರಕಾರಿ, ಮೊಟ್ಟೆಯನ್ನು ಹಳ್ಳಿಯ ಶಾಲೆಗಳು ಸ್ಥಳೀಯವಾಗಿಯೇ ಕೊಳ್ಳುತ್ತವೆ. ಅದನ್ನು ಊರಿನ ರೈತರಿಂದ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಂದ ನೇರವಾಗಿ ಕೊಂಡು, ಕೊಟ್ಟ ಬೆಲೆಯನ್ನು ಸೂಚನಾ ಫಲಕದಲ್ಲಿ ಬರೆಯಲಿ. ವಾರ್ಷಿಕೋತ್ಸವದ ಬಹುಮಾನಕ್ಕೆ ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘದ ಜೇನುತುಪ್ಪ ಬರಲಿ. ಸರ್ಕಾರದ ದರದಲ್ಲಿ ಇದೆಲ್ಲ ಗಿಟ್ಟುತ್ತದೆಯೇ? ಎಲ್ಲವೂ ಗಿಟ್ಟದು, ಮುಖ್ಯ ಶಿಕ್ಷಕರ ಕೈ ಕಟ್ಟಿದೆ, ನಿಜ. ಆದರೆ ಅನುದಾನ ಬಂದ ದಿನವೇ ಬಾಕಿ ತೀರಿಸಲು ಹೆಚ್ಚು ಹಣ ಬೇಡ. ಸಣ್ಣ ರೈತರಿಗೆ ದುಡ್ಡು ಕೈಸೇರುವ ಹೊತ್ತೂ ಬೆಲೆಯಷ್ಟೇ ಮುಖ್ಯ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಪೋಷಕರು ಇಷ್ಟನ್ನು ಕೇಳಲಿ: ತರಕಾರಿ ಯಾರಿಂದ ಬರುತ್ತಿದೆ, ಯಾವ ದರಕ್ಕೆ, ಅವರಿಗೆ ಹಣ ಯಾವಾಗ ಸಂದಿತು?