ಅಪ್ಪ–ಅಮ್ಮನ ಹಳೆಯ ಫೋಟೊಗಳಿಗೆ ಯಾವ ಹಾಡು?

ಪ್ರಶ್ನೆ: ಅಪ್ಪ–ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ಫೋಟೊಗಳ ಸ್ಲೈಡ್‌ಶೋ ಮಾಡುತ್ತಿದ್ದೇವೆ. ಹಿನ್ನೆಲೆಗೆ ಎಂಥ ಹಾಡು ಒಳ್ಳೆಯದು?

ಉತ್ತರ: ಅವರು ಹೊಸದಾಗಿ ಸಂಸಾರ ಹೂಡಿದ ದಿನಗಳಲ್ಲಿ ರೇಡಿಯೊದಲ್ಲಿ ಕೇಳುತ್ತಿದ್ದ ಹಾಡೇ ಮೊದಲ ಆಯ್ಕೆ. ಗುಟ್ಟು ಬಿಡದೆ ದೊಡ್ಡಮ್ಮನನ್ನೋ ಸೋದರಮಾವನನ್ನೋ ವಿಚಾರಿಸಿ. ‘ಗಂಧದ ಗುಡಿ’ (1973), ‘ಎರಡು ಕನಸು’ (1974) ಚಿತ್ರಗಳಿಗೆ ರಾಜನ್–ನಾಗೇಂದ್ರ ಕೊಟ್ಟ ಸಂಗೀತ ಆ ತಲೆಮಾರಿಗೆ ಚೆನ್ನಾಗಿ ಪರಿಚಿತ. ಆದರೆ ಪಲ್ಲವಿ ಇಂಪಾಗಿದೆಯೆಂದು ನಿಶ್ಚಯಿಸಿಬಿಡಬೇಡಿ, ಚರಣಗಳನ್ನೂ ಪೂರ್ತಿ ಕೇಳಿ. ರಾಗ ಮಧುರವಾಗಿದ್ದೂ ಸಾಹಿತ್ಯ ಅಗಲಿಕೆಯದಾಗಿರುವ ಸಿನಿಮಾ ಹಾಡುಗಳು ಬಹಳ. ಶುಭಕಾರ್ಯದಲ್ಲಿ ಹಿರಿಯರಿಗೆ ಅದು ನೋವು ಕೊಡುತ್ತದೆ.

ಒಂದು ಫೋಟೊಗೆ ಆರು ಸೆಕೆಂಡ್ ಕೊಟ್ಟರೆ ನಾಲ್ಕು ನಿಮಿಷದ ಹಾಡಿಗೆ 40 ಫೋಟೊ ಸಾಕು. ಗುಂಪು ಫೋಟೊಗಳಿಗೆ ಇನ್ನಷ್ಟು ಹೊತ್ತು ಬೇಕು, ಯಾರು ಯಾರೆಂದು ಜನ ಹುಡುಕುತ್ತಾರಲ್ಲ!

ತೀರಿಕೊಂಡ ಅಜ್ಜ–ಅಜ್ಜಿಯರ ಚಿತ್ರ ಬಂದಾಗ ಮಾತಿಲ್ಲದ ಕೊಳಲೋ ವೀಣೆಯೋ ಇರಲಿ. ಹಾಡಿನ ಪದಗಳು ಅಲ್ಲಿ ಅಡ್ಡ ಬರುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಮೊಮ್ಮಕ್ಕಳ ಭಾಗಕ್ಕೆ ಹೊಸ ಹಾಡನ್ನು ಅವರೇ ಆರಿಸಲಿ.

ಹಾಡನ್ನು ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ. ಛತ್ರದಲ್ಲಿ ನೆಟ್‌ವರ್ಕ್ ಸಿಗದಿರಬಹುದು.