ಬೋಂಡಾ ಬಾಣಲೆಯ ಕಪ್ಪೆಣ್ಣೆ

ಕನಕಪುರದ ಬಸ್ಸು ಕೋಡಿಹಳ್ಳಿಗೆ ಬರುವ ಸಂಜೆ ಹೊತ್ತಿಗೆ ತಳ್ಳುಗಾಡಿಯ ಬಾಣಲೆ ಕಾದಿರುತ್ತದೆ. ಮೆಣಸಿನಕಾಯಿ ಬೋಂಡಾ ಬುರಬುರನೆ ಉಬ್ಬಿ ಮೇಲೇಳುತ್ತದೆ, ಹಿಟ್ಟಿನ ಚೂರು ಸೀದು ತಳ ಸೇರುತ್ತದೆ. ಒಬ್ಬೆ ಒಬ್ಬೆಗೂ ಎಣ್ಣೆ ಕಂದಾಗಿ, ಮಂದವಾಗಿ, ಅಂಚಿನಲ್ಲಿ ನೊರೆ ಕಟ್ಟುತ್ತದೆ. ಗಾಡಿ ಮುಚ್ಚುವಾಗ ಉಳಿದದ್ದು ಡಬ್ಬಿಗೆ, ನಾಳೆ ಮತ್ತೆ ಬಾಣಲೆಗೆ. ಮನೆಗಳಲ್ಲಿ ಹಬ್ಬಕ್ಕೆ ನಿಪ್ಪಟ್ಟು ಕರಿದದ್ದು ಒಗ್ಗರಣೆಗೆ, ಇಲ್ಲವೇ ಚರಂಡಿಗೆ.

ಇದೇ ಎಣ್ಣೆಯನ್ನು ಬಯೋಡೀಸೆಲ್ ಮಾಡಿದರೆ ಟ್ರ್ಯಾಕ್ಟರ್ ಓಡಬಲ್ಲದು. ಕೆಎಸ್‌ಆರ್‌ಟಿಸಿ ಬಯೋಡೀಸೆಲ್ ಬೆರೆಸಿ ಬಸ್ಸು ಓಡಿಸಿದ್ದೂ ಉಂಟು.

ಮೊದಲು ಎಣ್ಣೆ ಸೋಸಿ, ಕಾಯಿಸಿ ನೀರಿನಂಶ ಹೋಗಲಾಡಿಸಬೇಕು. ನೀರು ಉಳಿದರೆ ಡೀಸೆಲ್ ಬದಲು ಸೋಪಾಗುತ್ತದೆ. ಎಣ್ಣೆ ಎಷ್ಟು ಹುಳಿಯಾಗಿದೆ ಎಂದು ನೋಡಲು ಅರಿಶಿನವೇ ಸಾಕು. ಆಲ್ಕೋಹಾಲಿನಲ್ಲಿ ಕರಗಿಸಿದ ಎಣ್ಣೆಗೆ ಚಿಟಿಕೆ ಅರಿಶಿನ ಹಾಕಿ, ಕಾಸ್ಟಿಕ್ ಸೋಡಾದ ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ ಹಳದಿ ಕೆಂಪಿಗೆ ತಿರುಗುತ್ತದೆ. ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವವರಿಗೆ ಇದು ಹೊಸದಲ್ಲ. ಹೆಚ್ಚು ಕರಿದ ಎಣ್ಣೆ ತಡವಾಗಿ ಕೆಂಪಾಗುತ್ತದೆ, ಅದಕ್ಕೆ ಹೆಚ್ಚು ಸೋಡಾ ಬೇಕು. ಆಮೇಲೆ ಸೋಡಾ ಕರಗಿಸಿದ ಮೆಥನಾಲನ್ನು ಎಣ್ಣೆಯ ಐದನೇ ಒಂದು ಪಾಲಿನಷ್ಟು ಬೆರೆಸಿ, ಸುಮಾರು 60 ಡಿಗ್ರಿ ಶಾಖದಲ್ಲಿ ಕಲಕಿ ಬಿಟ್ಟರೆ ಕಂದು ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲೆ ಜೇನುಬಣ್ಣದ ಬಯೋಡೀಸೆಲ್. ಅದನ್ನು ತೊಳೆದು ಒಣಗಿಸಬೇಕು.

ಆದರೆ ಇದು ಅಡುಗೆಮನೆಯ ಕೆಲಸವಲ್ಲ. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಅದರ ಬೆಂಕಿ ಹಗಲಲ್ಲಿ ಕಾಣುವುದೇ ಇಲ್ಲ. ತಯಾರಿಕೆ ಘಟಕದಲ್ಲೇ ಆಗಲಿ. ಊರು ಮಾಡಬೇಕಾದದ್ದು ಎಣ್ಣೆ ಕೂಡಿಡುವುದು.

ತೊಡಕಿರುವುದೂ ಅಲ್ಲೇ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ, ಕರಿದೆಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಶೇ 25 ದಾಟಿದರೆ ಬಳಸಬಾರದು ಎಂಬ ನಿಯಮ ಜಾರಿಗೊಳಿಸಿತು; ಅಂಥ ಎಣ್ಣೆಯನ್ನು ಬಯೋಡೀಸೆಲ್‌ಗೆ ತಿರುಗಿಸುವ ‘ರುಕೊ’ ಯೋಜನೆಯನ್ನೂ ತಂದಿತು. ಲೆಕ್ಕ ಇಡಬೇಕಾದವರು ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು. ನಮ್ಮ ತಳ್ಳುಗಾಡಿ ಆ ಲೆಕ್ಕಕ್ಕೇ ಬರುವುದಿಲ್ಲ.

ಹಳ್ಳಿಯ ಡೈರಿಗೆ ಇದು ಹೇಳಿ ಮಾಡಿಸಿದ ಕೆಲಸ. ಬೆಳಿಗ್ಗೆ ಸಂಜೆ ಅಲ್ಲಿಗೆ ಹಾಲು ತರುವ ಹೆಂಗಸರೇ ತಿಂಗಳಿಗೊಮ್ಮೆ, ಹಾಲಿಗೆ ಸೋಕದ ಹಾಗೆ ಬೇರೆ ಕ್ಯಾನಿನಲ್ಲಿ, ಕರಿದೆಣ್ಣೆಯನ್ನೂ ತರಬಹುದು. ಅಳತೆ, ಪುಸ್ತಕ, ಬಟವಾಡೆ ಎಲ್ಲ ಅವರಿಗೆ ರೂಢಿಯೇ. ಲೀಟರಿಗೆ ನಾಲ್ಕು ಕಾಸು ಸಿಗುವುದಾದರೆ ಯಾರೂ ಚರಂಡಿಗೆ ಸುರಿಯುವುದಿಲ್ಲ. ಬೋಂಡಾ ಗಾಡಿಯವರಿಗೆ ಮಾತ್ರ ಇನ್ನೂ ನಾಲ್ಕು ಕಾಸು ಹೆಚ್ಚು ಕೊಡಬೇಕು. ಹೊಸ ಎಣ್ಣೆ ಕೊಳ್ಳುವ ದುಡ್ಡು ಗಿಟ್ಟದೆ ಅವರು ಹಳೆಯದನ್ನು ಬಿಡಲಾರರು.