ಜರ್ಮೇನಿಯಂ ಟ್ರಾನ್ಸಿಸ್ಟರಿನ ಪರೀಕ್ಷೆ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಕಳೆದ ವರ್ಷದ ಸ್ನೇಹಸಮ್ಮೇಳನದ ದಿನ ಈ ಮಾತಿನ ಅರ್ಥವು ನಮಗೆ ಹೊಸದಾಗಿ ತಿಳಿಯಿತು. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಕೈಖರ್ಚಿನ ಹಣವನ್ನು ಉಳಿಸಿ, ಪೇಟೆಯಿಂದ ಎರಡು ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಕೊಂಡು, ತನ್ನ ಗಿಟಾರಿಗೆ ಫಝ್ ಪೆಡಲೊಂದನ್ನು ಕಟ್ಟಿದ್ದನು. ಬೆಳಗಿನ ತಾಲೀಮಿನಲ್ಲಿ ಅದು ಚೆನ್ನಾಗಿಯೇ ನುಡಿಯಿತು. ಮಧ್ಯಾಹ್ನ ರಂಗದ ದೀಪಗಳ ಬಿಸಿಯಲ್ಲಿ ಅದರ ದನಿ ಉಡುಗಿಹೋಯಿತು. ತನ್ನ ಬೆಸುಗೆಯೇ ಕೆಟ್ಟದೆಂದು ಬಗೆದು ಅವನು ಆ ಕೆಲಸವನ್ನೇ ಬಿಟ್ಟುಬಿಡುವುದರಲ್ಲಿದ್ದನು. ತಪ್ಪು ಅವನ ಕೈಯದಾಗಿರಲಿಲ್ಲ.

ಗಿಟಾರಿನ ವಿದ್ಯುತ್ ಸಂಕೇತವನ್ನು ಬಹಳವಾಗಿ ವರ್ಧಿಸಿ, ಅದರ ಅಲೆಗಳ ತುದಿಗಳನ್ನು ಕತ್ತರಿಸಿ, ದುಂಬಿಯ ಝೇಂಕಾರದಂತಹ ಒರಟು ನಾದವನ್ನು ಹೊರಡಿಸುವ ಸಾಧನವೇ ಫಝ್ ಪೆಡಲು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆಯು ಹೊರತಂದ ‘ಫಝ್ ಫೇಸ್’ ಇವುಗಳಲ್ಲಿ ಪ್ರಸಿದ್ಧವಾದುದು. ಅದರೊಳಗೆ ಇದ್ದುವು ಎರಡೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1962ರಲ್ಲಿ ಜರ್ಮೇನಿಯಂ ಸಾಧನಗಳ ತಯಾರಿಕೆಯನ್ನು ಆರಂಭಿಸಿತು. ಮುಂದೆ ಸಿಲಿಕಾನ್ ಅವುಗಳ ಸ್ಥಾನಕ್ಕೆ ಬಂದಿತು. ಆದುದರಿಂದ ಪೆಡಲು ಕಟ್ಟುವವರು ಇಂದು ಹಳೆಯ ಮಾಲಿನಿಂದಲೇ ಆರಿಸಿಕೊಳ್ಳುವುದು ಹೆಚ್ಚು.

ಜರ್ಮೇನಿಯಂ ಹರಳಿನಲ್ಲಿ ಎಲೆಕ್ಟ್ರಾನುಗಳ ಬಂಧನವು ಸಿಲಿಕಾನಿನಲ್ಲಿರುವಷ್ಟು ಬಲವಾದುದಲ್ಲ. ಸಾಧಾರಣ ಶಾಖವೇ ಕೆಲವನ್ನು ಬಿಡಿಸಿಬಿಡುತ್ತದೆ. ಹೀಗಾಗಿ ಬೇಸ್ ತುದಿಗೆ ವಿದ್ಯುತ್ತನ್ನು ಕೊಡದಿದ್ದಾಗಲೂ ಕಲೆಕ್ಟರಿನಲ್ಲಿ ಸ್ವಲ್ಪ ವಿದ್ಯುತ್ತು ಹರಿಯುತ್ತದೆ. ಮುಚ್ಚಿದ ನಲ್ಲಿಯಿಂದ ನೀರು ತೊಟ್ಟಿಕ್ಕಿದಂತೆ ಇದು. ಇದನ್ನೇ ಸೋರಿಕೆ ಎನ್ನುತ್ತಾರೆ. ಶಾಖವು 10 ಡಿಗ್ರಿ ಏರಿದರೆ ಸೋರಿಕೆಯು ಸುಮಾರು ಇಮ್ಮಡಿಯಾಗುತ್ತದೆ. ಸಾಮಾನ್ಯ ಮೀಟರು ಈ ಸೋರಿಕೆಯನ್ನೂ ವರ್ಧನೆಯೆಂದೇ ಎಣಿಸಿ, ಕಳಪೆಯಾದುದನ್ನು ಉತ್ತಮವೆಂದು ತೋರಿಸುತ್ತದೆ.

ಸರಿಯಾದ ಪರೀಕ್ಷೆಗೆ 9 ವೋಲ್ಟಿನ ಬ್ಯಾಟರಿ, 22 ಲಕ್ಷ ಓಮಿನ ಒಂದು ರೋಧಕ, 2200 ಮತ್ತು 270 ಓಮಿನ ಎರಡು ರೋಧಕಗಳು, ಒಂದು ಮಲ್ಟಿಮೀಟರು, ಇಷ್ಟು ಸಾಕು. ಸಣ್ಣ ರೋಧಕಗಳೆರಡನ್ನು ಸಾಲಾಗಿ ಜೋಡಿಸಿದರೆ 2470 ಓಮ್ ಆಗುತ್ತದೆ. ಪಿಎನ್‌ಪಿ ಜಾತಿಯ ಟ್ರಾನ್ಸಿಸ್ಟರಿನ ಎಮಿಟರನ್ನು ಬ್ಯಾಟರಿಯ ಧನಧ್ರುವಕ್ಕೂ, ಕಲೆಕ್ಟರನ್ನು ಈ 2470 ಓಮಿನ ಮೂಲಕ ಋಣಧ್ರುವಕ್ಕೂ ಸೇರಿಸಬೇಕು. ಬೇಸನ್ನು ಯಾವುದಕ್ಕೂ ಸೇರಿಸದೆ, 2470 ಓಮಿನ ಎರಡು ತುದಿಗಳ ನಡುವಣ ವೋಲ್ಟನ್ನು ಬರೆದುಕೊಳ್ಳಬೇಕು. ಇದು ಸೋರಿಕೆಯ ಅಂಕಿ. ಬಳಿಕ ಬೇಸನ್ನು 22 ಲಕ್ಷ ಓಮಿನ ಮೂಲಕ ಋಣಧ್ರುವಕ್ಕೆ ಸೇರಿಸಿ ಮತ್ತೆ ಅಳೆಯಬೇಕು. ಎರಡನೆಯದರಿಂದ ಮೊದಲನೆಯದನ್ನು ಕಳೆದು 100ರಿಂದ ಗುಣಿಸಿದರೆ ನಿಜವಾದ ವರ್ಧನೆ ದೊರೆಯುತ್ತದೆ. ಹೇಗೆಂದರೆ, ಬೇಸಿನಲ್ಲಿ ಹರಿಯುವುದು ಸುಮಾರು 4 ಮೈಕ್ರೋಆಂಪಿಯರ್. ವರ್ಧನೆ 100 ಆದರೆ ಕಲೆಕ್ಟರಿನಲ್ಲಿ 400 ಮೈಕ್ರೋಆಂಪಿಯರ್ ಹರಿದು, ರೋಧಕದ ಮೇಲೆ ಸುಮಾರು 1 ವೋಲ್ಟ್ ತೋರುತ್ತದೆ. ಬೆರಳಿನ ಬಿಸಿಯೂ ಅಂಕಿಯನ್ನು ಕೆಡಿಸುವುದರಿಂದ, ಟ್ರಾನ್ಸಿಸ್ಟರನ್ನು ಸಿಕ್ಕಿಸಿದ ಮೇಲೆ ಒಂದೆರಡು ನಿಮಿಷ ಮುಟ್ಟದೆ ಕಾಯಬೇಕು.

ಆ ಹುಡುಗನ ಒಂದು ಟ್ರಾನ್ಸಿಸ್ಟರನ್ನು ನಾವು ಹೀಗೆಯೇ ಪರೀಕ್ಷಿಸಿದೆವು. ಮೊದಲ ಅಂಕಿ 1.90 ವೋಲ್ಟ್, ಎರಡನೆಯದು 2.60. ವ್ಯತ್ಯಾಸ 0.70; ಎಂದರೆ ವರ್ಧನೆ ಕೇವಲ 70. ಅಂಗಡಿಯ ಚೀಟಿಯಲ್ಲಿ ಬರೆದಿದ್ದುದು 150! ಮೊದಲ ಅಂಕಿಯು 0.75 ವೋಲ್ಟನ್ನು ಮೀರಿದರೆ ಅದನ್ನು ಬದಿಗಿಡುವುದು ಲೇಸು. ಫಝ್ ಫೇಸಿನಂತಹ ಪೆಡಲಿನಲ್ಲಿ ಮೊದಲನೆಯ ಸ್ಥಾನಕ್ಕೆ 70ರಿಂದ 80, ಎರಡನೆಯದಕ್ಕೆ 110ರಿಂದ 130 ವರ್ಧನೆಯುಳ್ಳವು ಒಪ್ಪುತ್ತವೆ.

ಹುಡುಗನು ಮೀಟರನ್ನು ಹಿಡಿದು ಮತ್ತೆ ಪೇಟೆಗೆ ಹೋದನು. ಎಂಟನ್ನು ಪರೀಕ್ಷಿಸಿ ಎರಡನ್ನು ತಂದನು. ಅವನ ಪೆಡಲು ಈಗ ಮಧ್ಯಾಹ್ನದಲ್ಲಿಯೂ ನುಡಿಯುತ್ತದೆ. ವಿದ್ಯಾರ್ಥಿಗಳೇ, ದೊಡ್ಡ ಅಂಕಿಯನ್ನು ಕಂಡಾಗ ಹಿಗ್ಗುವ ಮೊದಲು, ಅದರಿಂದ ಕಳೆಯಬೇಕಾದುದು ಎಷ್ಟೆಂದು ಕೇಳಿಕೊಳ್ಳಿರಿ. ಕೆಲಸ ಕೆಟ್ಟಾಗ ನಿಮ್ಮ ಕೈಯನ್ನು ಹಳಿಯುವ ಮೊದಲೂ ಅಳೆದು ನೋಡಿರಿ.